‘ಐತೆ’ಗೆ ಕೆಂಪು ಗೆರೆ

ನಮ್ಮ ಮುಂದೆ ಎರಡು ಉತ್ತರ ಪತ್ರಿಕೆಗಳಿವೆ. ಒಂದು ಬಾಗೂರಿನ ಕೇರಿಯ ಹುಡುಗನದು. ಇನ್ನೊಂದು ಹೊಸದುರ್ಗ ತಾಲ್ಲೂಕಿನದೇ ಒಂದು ತಾಂಡಾದ ಹುಡುಗಿಯದು. ಇಬ್ಬರೂ ದಿನಾ ಬಸ್ಸು ಹತ್ತಿ ಪದವಿ ಕಾಲೇಜಿಗೆ ಹೋಗುವವರು, ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು. ದೇವನೂರ ಮಹಾದೇವರ ‘ಕುಸುಮಬಾಲೆ’ಯ ಭಾಷೆಯ ಸೊಗಡನ್ನು ವಿವರಿಸಿ ಎಂಬುದು ಪ್ರಶ್ನೆ.

ಹುಡುಗ ಬರೆದಿದ್ದಾನೆ: ‘ಈ ಕತೆಯಲ್ಲಿ ಅಸಿವೇ ಎದ್ದು ಮಾತಾಡ್ತೈತೆ. ನಮ್ಮ ಅಟ್ಟಿಯಲ್ಲೂ ಅಂಗೇ ಐತೆ.’ ‘ಅಸಿವು’ ಎಂಬುದರ ಸುತ್ತ ಕೆಂಪು ಸುತ್ತು. ‘ಅಟ್ಟಿ’ಯ ಮೇಲೆ ಒಂದು ‘ಹ’. ‘ಐತೆ’ಯ ಮೇಲೆ ಅಡ್ಡ ಗೆರೆ, ಪಕ್ಕದಲ್ಲಿ ‘ಇದೆ’. ಅಂಚಿನಲ್ಲಿ ಎರಡೇ ಮಾತು: ಭಾಷೆ ಅಶುದ್ಧ. ಹತ್ತಕ್ಕೆ ಮೂರು.

ಹುಡುಗಿಯ ಪತ್ರಿಕೆಯಲ್ಲಿ ‘ಗಾಡಿ ಹೋದಳು’ ಎಂದಿದೆ. ಅದಕ್ಕೆ ಕೆಂಪು ಗೆರೆಯ ಜತೆ ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಸಿಕ್ಕಿದೆ. ಅವಳ ತಾಂಡಾದ ಮಾತಿನಲ್ಲಿ ಇರುವುದು ಗಂಡು, ಹೆಣ್ಣು ಎರಡೇ ಲಿಂಗ. ಕನ್ನಡದ ನಪುಂಸಕ ಲಿಂಗ ಅಲ್ಲಿಲ್ಲ. ಗಾಡಿ ಅಲ್ಲಿ ಹೆಣ್ಣು. ಇದು ಅವಳ ದಡ್ಡತನವಲ್ಲ, ಒಂದು ವ್ಯಾಕರಣದಿಂದ ಇನ್ನೊಂದು ವ್ಯಾಕರಣಕ್ಕೆ ನಡೆದು ಬರುವಾಗ ಕಾಲಿಗೆ ಅಂಟಿದ ಮಣ್ಣು. ಆದರೆ ಆ ಚಿಹ್ನೆ ನಗುತ್ತಾ ಇದೆ.

ಯಾವ ಕಾಲೇಜು ಎಂದು ಕೇಳಬೇಡಿ, ಇದು ಎಲ್ಲ ಕಡೆಯ ಕತೆ. ತಿದ್ದಿದ ಮೇಷ್ಟ್ರು ಕೆಟ್ಟವರೂ ಅಲ್ಲ. ಅವರೂ ಹಳ್ಳಿಯಿಂದಲೇ ಬಂದವರು, ಅವರ ನಾಲಿಗೆಯನ್ನೂ ಯಾರೋ ಹೀಗೇ ತಿದ್ದಿದ್ದರು. ನಮ್ಮ ಜಗಳ ವ್ಯಕ್ತಿಯ ಮೇಲಲ್ಲ, ಆ ಕೆಂಪು ಶಾಯಿ ತುಂಬಿಕೊಟ್ಟ ವ್ಯವಸ್ಥೆಯ ಮೇಲೆ.

1990ರಲ್ಲಿ ‘ಕುಸುಮಬಾಲೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಂಜನಗೂಡು ಸೀಮೆಯ ದಲಿತರ ಆಡುಮಾತು ಅದರ ಉಸಿರು ಎಂದು ವಿಮರ್ಶಕರೆಲ್ಲ ಬರೆದರು. ಸರಿಯಾಗಿಯೇ ಬರೆದರು. ಆದರೆ ಅದೇ ಉಸಿರಿನ ಮಾತು ಪುಸ್ತಕದ ಹೊರಗೆ, ಆ ಪುಸ್ತಕವನ್ನು ಓದಿದ ಹುಡುಗನ ಕೈಯಿಂದ ಬಂದರೆ ಹತ್ತಕ್ಕೆ ಮೂರು! ಕಾದಂಬರಿಯಲ್ಲಿ ಬಂದರೆ ಸೊಗಡು, ಉತ್ತರ ಪತ್ರಿಕೆಯಲ್ಲಿ ಬಂದರೆ ಅಶುದ್ಧ. ಕೇರಿಯ ಮಾತು ಪ್ರದರ್ಶನಕ್ಕೆ ಬೇಕು, ಪಂಕ್ತಿಗೆ ಬೇಡ. ಇದು ನಮಗೆ ಹೊಸ ಪದ್ಧತಿಯೇನಲ್ಲ. ಊರ ಹಬ್ಬಕ್ಕೆ ನಮ್ಮ ತಮಟೆ ಬೇಕು, ತಮಟೆ ಹಿಡಿದವನು ಗುಡಿಯ ಹೊರಗೆ ನಿಲ್ಲಬೇಕು.

ಈಗ ವ್ಯಾಕರಣದ ಮಾತಿಗೇ ಬರೋಣ. ಹಳಗನ್ನಡದ ‘ಪಾಲ್’ ಕಾಲ ಕಳೆದಂತೆ ‘ಹಾಲು’ ಆಯಿತು. ‘ಪಸಿವು’ ‘ಹಸಿವು’ ಆಯಿತು. ‘ಪಟ್ಟಿ’ ‘ಹಟ್ಟಿ’ ಆಯಿತು. ಇದನ್ನು ವಿಶ್ವವಿದ್ಯಾಲಯದಲ್ಲಿ ಪಕಾರ ಹಕಾರವಾಗುವುದು ಎಂದು ಪಾಠ ಮಾಡುತ್ತಾರೆ, ಉದಾಹರಣೆ ಸಹಿತ ಬರೆದರೆ ಪೂರಾ ಅಂಕ ಕೊಡುತ್ತಾರೆ. ಪಂಪನ ‘ಪ’ ಬಿದ್ದುಹೋಗಿದ್ದು ಭಾಷಾ ಬೆಳವಣಿಗೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇರಿಯಲ್ಲಿ ‘ಹ’ ಬಿದ್ದು ‘ಆಲು’, ‘ಅಸಿವು’, ‘ಅಟ್ಟಿ’ ಆದರೆ ಅದು ನಾಲಿಗೆ ದೋಷ! ಮೊದಲನೆಯ ಬದಲಾವಣೆ ಓಲೆಗರಿಗೆ ಏರಿತು, ಎರಡನೆಯದು ಏರಲಿಲ್ಲ. ಓಲೆಗರಿ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಉತ್ತರ ಸಿಗುತ್ತದೆ. ‘ಶುದ್ಧ’ ಎಂಬ ಪದ ವ್ಯಾಕರಣಕ್ಕೆ ಬಂದಿದ್ದು ಎಲ್ಲಿಂದ ಎಂಬುದೂ ಗೊತ್ತಾಗುತ್ತದೆ. ಬಾವಿಯ ಕಟ್ಟೆಯ ಮೇಲೆ ಕೇಳಿದ ಪದವೇ ಅದು.

ಇನ್ನು ಮನೆಮಾತಿನ ಪ್ರಶ್ನೆ. ಮಾಸ್ತಿಯವರ ಮನೆಮಾತು ತಮಿಳು. ಪು.ತಿ.ನ. ಅವರದೂ ತಮಿಳು. ಬೇಂದ್ರೆಯವರದು ಮರಾಠಿ. ಮೂವರಿಗೂ ಕನ್ನಡ ಮನೆಯ ಹೊರಗಿನ ಭಾಷೆ. ಇದರಿಂದ ಕನ್ನಡಕ್ಕೆ ನಷ್ಟವಾಯಿತೆಂದು ಯಾರೂ ಹೇಳಲಿಲ್ಲ. ಬೇಂದ್ರೆಯವರಿಗೆ 1973ರಲ್ಲಿ, ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ಬಂದಾಗ ನಾಡೇ ಹಿಗ್ಗಿತು. ನಾವೂ ಹಿಗ್ಗಿದೆವು. ಈ ಹಿರಿಯರ ಮೇಲೆ ನಮಗೆ ಮತ್ಸರವಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಅಗ್ರಹಾರದಿಂದ ತಮಿಳು, ಮರಾಠಿ ಬಾಯಿಯಲ್ಲಿಟ್ಟುಕೊಂಡು ಬಂದವರಿಗೆ ಎರಡು ಭಾಷೆ ಬಲ್ಲವರೆಂಬ ಗೌರವ. ತಾಂಡಾದಿಂದ ಲಂಬಾಣಿ ಮಾತು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಟ್ಟಿಗಳಿಂದ ತೆಲುಗು ಬಾಯಿಯಲ್ಲಿಟ್ಟುಕೊಂಡು ಬಂದವರಿಗೆ ಮಾತ್ರ ಕನ್ನಡವೇ ಸರಿಯಾಗಿ ಬಾರದವರೆಂಬ ಹಣೆಪಟ್ಟಿ. ಏಕೆ? ಲಂಬಾಣಿ ಮಾತಿಗಂತೂ ಲೆಕ್ಕದ ಪುಸ್ತಕದಲ್ಲೂ ಸ್ವಂತ ಮನೆಯಿಲ್ಲ. 2011ರ ಜನಗಣತಿ ಅದನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಿತು. ಅದೇ ಸಮುದಾಯದಿಂದ ಬಂದ ಬಿ.ಟಿ. ಲಲಿತಾ ನಾಯಕ್ ಕನ್ನಡದಲ್ಲಿ ಕತೆ, ಕವಿತೆ ಬರೆದರು, ಬಂಡಾಯದ ಸಾಲಿನಲ್ಲಿ ನಿಂತರು, ಮುಂದೆ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವರೂ ಆದರು. ‘ಗಾಡಿ ಹೋದಳು’ ಎಂದು ಬರೆದ ಹುಡುಗಿ ಮುಂದೆ ಏನಾಗಬಲ್ಲಳು ಎಂಬುದನ್ನು ಆ ಆಶ್ಚರ್ಯಸೂಚಕ ಹಾಕಿದ ಕೈ ಯೋಚಿಸಬೇಕಿತ್ತು.

ಎರಡನೆಯ ಭಾಷೆ ಎಂಬುದು ಈ ದೇಶದಲ್ಲಿ ಎಂದೂ ಬರೀ ಭಾಷೆಯ ಪ್ರಶ್ನೆಯಾಗಿರಲಿಲ್ಲ. ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದರು. ಅಸ್ಪೃಶ್ಯನಿಗೆ ಸಂಸ್ಕೃತವಿಲ್ಲ ಎಂದರು. ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ನಮ್ಮ ಕಾಲಕ್ಕೆ ಅದೇ ಸಂಸ್ಕೃತ ಅಂಕ ಬಾಚುವ ವಿಷಯವಾಯಿತು. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ನೂರರ ಹತ್ತಿರ ಅಂಕ ಪಡೆಯುವ ಅನುಕೂಲ ಯಾರಿಗಿತ್ತು ಎಂಬುದು ಎಲ್ಲರಿಗೂ ಗೊತ್ತು. ಗೋಕಾಕ್ ಸಮಿತಿ 1981ರಲ್ಲಿ ವರದಿ ಕೊಟ್ಟು, 1982ರಲ್ಲಿ ನಾಡು ಬೀದಿಗಿಳಿದದ್ದು ಈ ಅನ್ಯಾಯದ ವಿರುದ್ಧ. ಆ ಹೋರಾಟ ನ್ಯಾಯವಾದದ್ದು. ಆದರೆ ಗೆದ್ದ ಕನ್ನಡ ಯಾರ ಕನ್ನಡ ಎಂದು ನಾವು ಆಗ ಗಟ್ಟಿಯಾಗಿ ಕೇಳಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಅವರು ಮಂತ್ರಿ ಪದವಿ ಬಿಡಬೇಕಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಅಂದು ಕನ್ನಡದ ಹೆಸರಿನಲ್ಲಿ ಹೊಡೆಸಿಕೊಂಡವರೂ ಕನ್ನಡದವರೇ. ಈ ಮಾತನ್ನು ಮರೆಯಬಾರದು.

ಇದು ನಮ್ಮೊಬ್ಬರದೇ ನೋವಲ್ಲ. ದೂರದ ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಕೂಲಿಕಾರರ ಮಕ್ಕಳು ಇದೇ ಉಂಡಿದ್ದಾರೆ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೋ ತನ್ನ ಉತ್ತರದ ದೊಡ್ಡ ಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ತಮ್ಮ ನೆಲದಲ್ಲೇ ಪರದೇಶಿಗಳಾದರು. ಮುಂದೆ ಅವರ ಮಕ್ಕಳು ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದರೆ ಏಟು ಬೀಳುತ್ತಿತ್ತು. ಟೆಕ್ಸಾಸಿನ ಗ್ಲೋರಿಯಾ ಆನ್ಸಾಲ್ದೂವಾ ಎಂಬ ಲೇಖಕಿ 1987ರಲ್ಲಿ ಬಂದ ತನ್ನ ‘ಬಾರ್ಡರ್‌ಲ್ಯಾಂಡ್ಸ್’ ಪುಸ್ತಕದಲ್ಲಿ ಬಿಡುವಿನ ವೇಳೆ ಸ್ಪ್ಯಾನಿಷ್ ಆಡಿದ್ದಕ್ಕೆ ಬೆರಳ ಗಿಣ್ಣಿಗೆ ಬಿದ್ದ ಏಟನ್ನು ನೆನೆಯುತ್ತಾಳೆ. ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿಯೂ ಅವಳಂಥವರೆಲ್ಲ ಇಂಗ್ಲಿಷಿನ ಉಚ್ಚಾರ ತಿದ್ದಿಕೊಳ್ಳುವ ತರಗತಿಗೆ ಕಡ್ಡಾಯವಾಗಿ ಕೂರಬೇಕಾಯಿತು. 1968ರ ಮಾರ್ಚಿನಲ್ಲಿ ಲಾಸ್ ಏಂಜಲೀಸಿನ ಪೂರ್ವ ಭಾಗದ ಶಾಲೆಗಳಿಂದ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ತಮ್ಮ ಭಾಷೆಗೆ, ಚರಿತ್ರೆಗೆ ಪಾಠದಲ್ಲಿ ಜಾಗ ಕೇಳಿದರು.

ಸರಿ, ಆಮೇಲೆ ವಿಶ್ವವಿದ್ಯಾಲಯಗಳು ಮನೆಯಲ್ಲಿ ಸ್ಪ್ಯಾನಿಷ್ ಆಡುವವರಿಗೆಂದೇ ಬೇರೆ ತರಗತಿ ತೆರೆದವು. ಆದರೆ ಅಲ್ಲೂ ಕೆಂಪು ಶಾಯಿಯೇ ಕಾದಿತ್ತು. ಆ ಮಕ್ಕಳು ‘ತಂದೆನು’ ಎಂಬುದಕ್ಕೆ ‘ತ್ರೂಹೆ’ ಎಂದರೆ, ‘ತ್ರಾಹೆ’ ಎನ್ನು ಎಂದು ತಿದ್ದುತ್ತಿದ್ದರು. ಆ ‘ತ್ರೂಹೆ’ ನಾಲ್ಕುನೂರು ವರ್ಷದ ಹಿಂದಿನ ಸರ್ವಾಂಟಿಸನ ಪುಸ್ತಕದಲ್ಲೇ ಇದೆ! ಗ್ರಂಥದಲ್ಲಿದ್ದರೆ ಪ್ರಾಚೀನ, ಹೊಲದಲ್ಲಿ ದುಡಿಯುವವನ ಬಾಯಲ್ಲಿದ್ದರೆ ಗಮಾರ. ನಮ್ಮ ‘ಪ’ಕಾರ, ‘ಹ’ಕಾರದ ಕತೆಯೇ ಅಲ್ಲವೇ ಇದು? ಇಂಗ್ಲಿಷ್ ಬಾಯಿಯ ಹುಡುಗ ಹೊಸದಾಗಿ ನಾಲ್ಕು ಸ್ಪ್ಯಾನಿಷ್ ಮಾತು ಕಲಿತರೆ ಶಹಬ್ಬಾಸ್, ಹಾಲಿನ ಜತೆ ಕುಡಿದು ಬಂದವನಿಗೆ ಛೀಮಾರಿ. ಗ್ವಾಡಲೂಪೆ ವಾಲ್ಡೆಸ್ ಅವರಂಥ ಅಧ್ಯಾಪಕಿಯರು ಇದನ್ನು ಪ್ರಶ್ನಿಸಿದರು. ಮನೆಯ ಭಾಷೆಯನ್ನು ಕಿತ್ತು ಹಾಕಬೇಡಿ, ಅದರ ಮೇಲೆ ಬರಹದ ಭಾಷೆಯನ್ನು ಕಟ್ಟಿ ಎಂದು ವಾದಿಸಿದರು.

ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಅಮೆರಿಕದಲ್ಲಿ ಏಟು ತಿಂದ ಅದೇ ಸ್ಪ್ಯಾನಿಷ್ ಪೆರುವಿನಲ್ಲಿ ಏಟು ಕೊಟ್ಟ ಭಾಷೆ. ಅಲ್ಲಿನ ಬೆಟ್ಟದ ಮೂಲನಿವಾಸಿಗಳ ಕ್ವೆಚುವಾ ಮಾತು ಶತಮಾನಗಟ್ಟಲೆ ಅದರ ಕಾಲಡಿ ಇತ್ತು. 1975ರಲ್ಲಷ್ಟೇ ಪೆರು ಅದನ್ನು ಸ್ಪ್ಯಾನಿಷ್ ಜತೆಗೆ ಅಧಿಕೃತ ಭಾಷೆ ಎಂದು ಒಪ್ಪಿತು. ಒಂದೇ ಭಾಷೆ ಒಂದು ಕಡೆ ಕೂಲಿ, ಇನ್ನೊಂದು ಕಡೆ ಒಡೆಯ. ನಮ್ಮ ಕನ್ನಡವೂ ಹಾಗೇ. ಇಂಗ್ಲಿಷಿನ ಮುಂದೆ ಕೈಕಟ್ಟಿ ನಿಲ್ಲುವ ಕನ್ನಡ, ತಾಂಡಾದ ಮುಂದೆ ಬಾರುಕೋಲು ಹಿಡಿಯುತ್ತದೆ. ತನಗಾದ ಅನ್ಯಾಯಕ್ಕೆ ಅಳುವವರು ತಾವು ಮಾಡುವ ಅನ್ಯಾಯವನ್ನೂ ನೋಡಬೇಕು. ಕನ್ನಡದ ಹೋರಾಟಗಾರರಿಗೆ ನಾವು ಹೇಳಬೇಕಾದ ಮುಖ್ಯ ಮಾತು ಇದೇ.

ಇಂದಿನ ಪಠ್ಯಗಳನ್ನು ನೋಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಎಂದು ಎರಡು ಪಠ್ಯ ಮಾಡಿತು. ಹೊರರಾಜ್ಯದವರಿಗೆ ಬಸ್ಸು, ಅಂಗಡಿ, ಬಾಡಿಗೆಯ ಮಾತು ತಾಳ್ಮೆಯಿಂದ ಕಲಿಸುವುದು ಒಳ್ಳೆಯದೇ. ಆದರೆ ಈ ಎರಡು ಬಾಗಿಲಲ್ಲಿ ನಮ್ಮ ಹುಡುಗ, ಹುಡುಗಿ ಯಾವುದರಲ್ಲಿ ನುಗ್ಗಬೇಕು? ಹುಡುಗನಿಗೆ ಬಳಕೆ ಕನ್ನಡ ನಮಗಿಂತ ಚೆನ್ನಾಗಿ ಬರುತ್ತದೆ. ಸಂಸ್ಕೃತಿಯೂ ಇದೆ, ಆದರೆ ಅದು ಪುಸ್ತಕ ಒಪ್ಪುವ ಸಂಸ್ಕೃತಿಯಲ್ಲ. ಕನ್ನಡ ಬಾರದವನು ತಪ್ಪಿದರೆ ‘ಪಾಪ, ಕಲಿಯುತ್ತಿದ್ದಾನೆ’. ಕೇರಿಯವನು ತಪ್ಪಿದರೆ ‘ಇಷ್ಟೂ ಬರಲ್ವೇನೋ?’

ಇದನ್ನೆಲ್ಲ ಬಾಗೂರಿನ ಕೇರಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಾಗ ಒಬ್ಬ ಹಿರಿಯರು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ‘ನಮ್ಮ ಮಾತು ನಮಗ್ ಗೊತ್ತೈತೆ ಕಣ್ರಪ್ಪ. ಅದನ್ನ ನೀವೇನ್ ಒಗಳ್ತೀರಾ? ಆಪೀಸಿನೋರ ಮಾತು ನಮ್ ಉಡುಗ್ರಿಗೆ ಕಲಿಸ್ರಿ. ಅರ್ಜಿ ಬರಿಯಾಕೆ ಇನ್ನೊಬ್ರ ಕಾಲು ಇಡಿಯೋದು ತಪ್ಲಿ.’ ನಮ್ಮ ಬಾಯಿ ಕಟ್ಟಿತು. ಅವರ ಮಾತಿನಲ್ಲಿ ನ್ಯಾಯವಿದೆ. ನೌಕರಿಯ ಪರೀಕ್ಷೆ, ಕೋರ್ಟು, ಕಚೇರಿ ಎಲ್ಲ ನಡೆಯುವುದು ‘ಇದೆ’ಯ ಕನ್ನಡದಲ್ಲಿ. ಅದನ್ನು ಕಲಿಸದೆ ‘ಐತೆ’ಯೇ ಚೆಂದ ಎಂದು ಹೊಗಳುತ್ತಾ ಕೂರುವುದು ಇನ್ನೊಂದು ಮೋಸ. ನಾವೂ ಅದರಿಂದ ಹೊರತಲ್ಲ. ಈ ಲೇಖನವನ್ನೇ ನೋಡಿ, ‘ಐತೆ’ಯ ಪರ ವಾದಿಸುತ್ತಿರುವುದು ‘ಇದೆ’ಯಲ್ಲಿ!

ಹಾಗಾದರೆ ನಾವು ಕೇಳುವುದೇನು? ‘ಇದೆ’ ಕಲಿಸಿ, ಪೂರ್ತಿ ಕಲಿಸಿ. ಆದರೆ ‘ಐತೆ’ಯನ್ನು ಕೊಂದು ಕಲಿಸಬೇಡಿ. ಉತ್ತರದ ವಿಚಾರಕ್ಕೆ ಬೇರೆ ಅಂಕ, ಬರಹದ ರೂಪಕ್ಕೆ ಬೇರೆ ಅಂಕ ಕೊಡಿ. ‘ಅಸಿವೇ ಎದ್ದು ಮಾತಾಡ್ತೈತೆ’ ಎಂದು ಕಂಡವನು ಕಾದಂಬರಿಯನ್ನು ಓದಿದ್ದಾನೆ, ಅವನ ಓದಿಗೆ ಅಂಕ ಬೀಳಲಿ. ‘ತಪ್ಪು’ ಎಂದು ಬರೆಯುವ ಜಾಗದಲ್ಲಿ ‘ಬರಹದಲ್ಲಿ ಹೀಗೆ’ ಎಂದು ಬರೆಯಿರಿ. ಪದವಿಯ ಮೊದಲ ಸೆಮಿಸ್ಟರಿನಲ್ಲಿ ಮನೆಯ ಮಾತಿನಿಂದ ಬರಹದ ಮಾತಿಗೆ ದಾಟಿಸುವ ಪಾಠವಿರಲಿ. ಭಾಷಾಶಾಸ್ತ್ರದ ತರಗತಿಯಲ್ಲಿ ಪಕಾರ ಹಕಾರವಾದುದನ್ನು ಹೇಳುವಾಗ, ಹಕಾರ ಬಿದ್ದ ಕೇರಿಯ ಹುಡುಗನನ್ನು ಎಬ್ಬಿಸಿ ಅವನಿಂದಲೇ ಉದಾಹರಣೆ ಕೇಳಿ. ತಾಂಡಾದ ಹುಡುಗಿಗೆ ಎರಡು ಭಾಷೆಯ ವ್ಯಾಕರಣವನ್ನು ಹೋಲಿಸಿ ಬರೆಯಲು ಹೇಳಿ, ಇಡೀ ತರಗತಿ ಅವಳಿಂದ ಕಲಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು, ಆಮೇಲೆ ಕುವೆಂಪು, 2009ರ ಮೇಲೆ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೆ ಬಂದವು. ವಿಶ್ವವಿದ್ಯಾಲಯ ನಮ್ಮ ಊರಿಗೆ ಹತ್ತಿರವಾಯಿತು, ನಮ್ಮ ಮಾತಿಗೆ ಹತ್ತಿರವಾಗುವುದು ಇನ್ನೂ ಬಾಕಿ.

ಹಳ್ಳಿಯ ಮೇಷ್ಟ್ರುಗಳೇ, ಇದಕ್ಕೆ ಸರ್ಕಾರದ ಆದೇಶ ಬರಲಿ ಎಂದು ಕಾಯಬೇಡಿ. ಕೆಂಪು ಪೆನ್ನು ನಿಮ್ಮ ಜೇಬಿನಲ್ಲೇ ಇದೆ. ವಿದ್ಯಾರ್ಥಿ ಗೆಳೆಯರೇ, ‘ಭಾಷೆ ಅಶುದ್ಧ’ ಎಂದು ಬರೆದ ಪತ್ರಿಕೆ ಕೈಗೆ ಬಂದರೆ ನಾಚಿ ಮಡಿಚಿ ಇಟ್ಟುಕೊಳ್ಳಬೇಡಿ. ಎದ್ದು ನಿಂತು, ವಿನಯದಿಂದಲೇ, ಯಾವ ನಿಯಮದ ಪ್ರಕಾರ ಎಂದು ಕೇಳಿ.

ಬಾಗೂರಿನ ಆ ಹುಡುಗ ಮುಂದಿನ ಪರೀಕ್ಷೆಯಲ್ಲಿ ‘ಇದೆ’ ಎಂದೇ ಬರೆದ. ಹತ್ತಕ್ಕೆ ಏಳು ಬಂತು. ಆದರೆ ಆ ಪತ್ರಿಕೆಯಲ್ಲಿ ಅವನ ಹಟ್ಟಿಯ ಸುದ್ದಿ ಒಂದು ಸಾಲೂ ಇರಲಿಲ್ಲ.