ಮುಂದೆ ಬರುವವರು ಯಾರು?

ಬೋಸ್ಟನ್ ರೆಡ್ ಸಾಕ್ಸ್ ತಂಡದ ಹಳೆಯ ಅಭಿಮಾನಿಗಳ ನಡುವೆ ಗ್ರೇಡಿ ಲಿಟಲ್ ಹೆಸರೆತ್ತಿದರೆ ಜಗಳ ಇವತ್ತಿಗೂ ಶುರುವಾಗುತ್ತದೆ. 2003ರ ಅಕ್ಟೋಬರ್ 16ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಅಮೆರಿಕನ್ ಲೀಗ್ ಫೈನಲ್‌ನ ಏಳನೆಯ, ನಿರ್ಣಾಯಕ ಪಂದ್ಯ. ಎಂಟನೆಯ ಇನ್ನಿಂಗ್ಸ್‌ನಲ್ಲಿ ಬೋಸ್ಟನ್ 5-2ರ ಮುನ್ನಡೆಯಲ್ಲಿತ್ತು, ಇನ್ನು ಐದು ಔಟ್ ಸಿಕ್ಕರೆ ವರ್ಲ್ಡ್ ಸೀರೀಸ್ ಬಾಗಿಲು ತೆರೆಯುತ್ತಿತ್ತು. ಬೋಸ್ಟನ್ ಪಿಚರ್ ಪೆಡ್ರೊ ಮಾರ್ಟಿನೆಜ್ ದಣಿದಿದ್ದರು. ಯಾಂಕೀಸ್ ತಂಡದ ಡೆರೆಕ್ ಜೀಟರ್ ಡಬಲ್ ಹೊಡೆದರು, ಬರ್ನಿ ವಿಲಿಯಮ್ಸ್ ಸಿಂಗಲ್ ಹೊಡೆದು ಅವರ ರನ್ ಪೂರ್ತಿಗೊಳಿಸಿದರು. ಮ್ಯಾನೇಜರ್ ಲಿಟಲ್ ಮೈದಾನಕ್ಕೆ ನಡೆದು ಬಂದರು, ಪೆಡ್ರೊ ಜತೆ ಮಾತಾಡಿದರು, ಅವರನ್ನು ಅಲ್ಲೇ ಬಿಟ್ಟು ಹಿಂದಿರುಗಿದರು. ಆಮೇಲೆ ಹಿಡೆಕಿ ಮಾತ್ಸುಯಿ, ಹೊರ್ಹೆ ಪೊಸಾಡಾ ಒಬ್ಬರ ಹಿಂದೊಬ್ಬರು ಡಬಲ್ ಹೊಡೆದು ಸ್ಕೋರು 5-5 ಆಯಿತು. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಆರನ್ ಬೂನ್ ಅವರ ಹೋಮ್ ರನ್ ಬೋಸ್ಟನ್ನಿನ ಕತೆ ಮುಗಿಸಿತು. ಲಿಟಲ್ ಒಪ್ಪಂದ ಮುಂದುವರಿಯಲಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಒಂದು ತೀರ್ಮಾನದ ತೂಕ ಥಟ್ಟನೆ ಹೊಳೆಯುವುದಿಲ್ಲ. ನಮ್ಮಲ್ಲಿ ನಾಯಕ ಬೌಲರನ್ನು ತೆಗೆದು, ನಾಲ್ಕು ಓವರ್ ಕಳೆದ ಮೇಲೆ ಮತ್ತೆ ಕರೆಯಬಹುದು. ಬೇಸ್‌ಬಾಲ್‌ನಲ್ಲಿ ಆಟದಿಂದ ಹೊರಹೋದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. 2020ರಿಂದ ಇನ್ನೊಂದು ಬಿಗಿಯೂ ಸೇರಿದೆ: ಹೊಸದಾಗಿ ಬಂದವರು ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು. ತಪ್ಪಾದರೆ ತಿದ್ದಿಕೊಳ್ಳಲು ಎಡೆಯೇ ಇಲ್ಲ. ಆದ್ದರಿಂದಲೇ ಏಳನೆಯ ಇನ್ನಿಂಗ್ಸ್ ದಾಟಿದ ಮೇಲೆ ಅಭಿಮಾನಿಗಳ ಕಣ್ಣು ಬ್ಯಾಟಿನ ಮೇಲಿರುವಷ್ಟೇ ಬುಲ್‌ಪೆನ್ ಮೇಲೂ ಇರುತ್ತದೆ, ಅಲ್ಲಿ ಯಾರು ತೋಳು ಬಿಸಿ ಮಾಡಿಕೊಳ್ಳುತ್ತಿದ್ದಾರೆ ಎಂದು. ಆಟ ನೋಡುತ್ತಲೇ ಆಟದ ಬಗ್ಗೆ ಇಷ್ಟು ಗಂಭೀರವಾಗಿ ಯೋಚಿಸುವ ಪ್ರೇಕ್ಷಕರು ಬೇರೆ ಆಟಗಳಲ್ಲಿ ಅಪರೂಪ. ಪಿಚರ್ ಬದಲಿಸುವ ಕುರಿತ ಈ ವಾಗ್ವಾದವನ್ನು ನಾನು ಬೇಸ್‌ಬಾಲ್ ಸಂಸ್ಕೃತಿಯ ಅತ್ಯುತ್ತಮ ಭಾಗವೆಂದೇ ಎಣಿಸುತ್ತೇನೆ. ಆದರೆ ಅದು ಬಹಳ ಸಲ ತಪ್ಪು ಮನುಷ್ಯನ ಸುತ್ತ ಸುತ್ತುತ್ತದೆ. ಚರ್ಚೆಯೆಲ್ಲ ಮೈದಾನದಲ್ಲಿ ನಿಂತಿರುವ ಪಿಚರ್ ಬಗ್ಗೆ: ಬಿಡಬೇಕಿತ್ತೇ, ತೆಗೆಯಬೇಕಿತ್ತೇ? ಅವರ ಬದಲಿಗೆ ಬರುವವರ ಸ್ಥಿತಿ ಆ ಕ್ಷಣದಲ್ಲಿ ಹೇಗಿತ್ತು ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ.

ಲಿಟಲ್ ಅವರ ತಪ್ಪು ಖಚಿತವಾಗುವುದು ಇಲ್ಲಿಯೇ. ನೂರು ಎಸೆತ ದಾಟಿದ ಮೇಲೆ ಪೆಡ್ರೊ ಮೊನಚು ಕಳೆದುಕೊಳ್ಳುತ್ತಾರೆಂಬುದು ಆ ಋತುವಿನ ಅಂಕಿಅಂಶಗಳಲ್ಲೇ ಇತ್ತು, ಅಂದು ಅವರು ಎಸೆದದ್ದು 123. ಅದಕ್ಕಿಂತ ದೊಡ್ಡ ಮಾತು, ಬುಲ್‌ಪೆನ್‌ನಲ್ಲಿ ಅಲನ್ ಎಂಬ್ರೀ, ಮೈಕ್ ಟಿಮ್ಲಿನ್ ಆ ಅಕ್ಟೋಬರ್ ಪೂರ್ತಿ ಒಳ್ಳೆಯ ಲಯದಲ್ಲಿದ್ದರು. ಎಡಗೈ ಬ್ಯಾಟರ್ ಮಾತ್ಸುಯಿ ಎದುರು ಎಡಗೈ ಪಿಚರ್ ಎಂಬ್ರೀ ಸಿದ್ಧರಿದ್ದರು. ಸ್ಕೋರು ಸಮವಾದ ಮೇಲೆ ಈ ಇಬ್ಬರೂ ಬಂದು ಇನ್ನಿಂಗ್ಸ್ ಮುಗಿಸಿದರು, ಇನ್ನೊಂದು ರನ್ ಬಿಟ್ಟುಕೊಡಲಿಲ್ಲ.

ಹದಿನೇಳು ವರ್ಷಗಳ ನಂತರ ದೂರು ತಿರುವುಮುರುವಾಯಿತು. 2020ರ ಅಕ್ಟೋಬರ್ 27, ಟೆಕ್ಸಾಸ್‌ನ ಆರ್ಲಿಂಗ್ಟನ್, ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ. ಟ್ಯಾಂಪಾ ಬೇ ರೇಸ್ ಪರ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಸ್ಟ್ರೈಕ್‌ಔಟ್ ಪಡೆದು, ಎರಡೇ ಹಿಟ್ ಕೊಟ್ಟಿದ್ದರು. ಎರಡನೆಯ ಹಿಟ್ ಬಿದ್ದದ್ದೇ ತಡ, 1-0 ಮುನ್ನಡೆಯಲ್ಲಿದ್ದಾಗಲೇ ಮ್ಯಾನೇಜರ್ ಕೆವಿನ್ ಕ್ಯಾಶ್ ಅವರನ್ನು ಹೊರಗೆ ಕಳಿಸಿದರು. ಒಬ್ಬ ಪಿಚರನ್ನು ಬ್ಯಾಟರ್‌ಗಳು ಮೂರನೆಯ ಸಲ ಎದುರಿಸುವಾಗ ಅವರಿಗೆ ಅನುಕೂಲ ಹೆಚ್ಚು ಎಂಬ ಲೆಕ್ಕಾಚಾರ ಅದಕ್ಕೆ ಕಾರಣ. ಬದಲಿಗೆ ಬಂದ ನಿಕ್ ಆ್ಯಂಡರ್ಸನ್‌ಗೆ ಮೂಕೀ ಬೆಟ್ಸ್ ಡಬಲ್ ಹೊಡೆದರು, ಒಂದು ವೈಲ್ಡ್ ಪಿಚ್ ಸ್ಕೋರು ಸಮ ಮಾಡಿತು, ಆಮೇಲಿನ ನೆಲದ ಹೊಡೆತಕ್ಕೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಮುಂದಾದರು. ಪಂದ್ಯ 3-1ಕ್ಕೆ, ಅದರೊಂದಿಗೆ ಸರಣಿಯೂ ಲಾಸ್ ಏಂಜಲೀಸ್ ಪಾಲಾಯಿತು.

ಅಂದಿನಿಂದ ಅಭಿಮಾನಿಗಳು ಎರಡು ಬಣ. ಕಂಪ್ಯೂಟರ್ ಲೆಕ್ಕ ಆಟದ ಜೀವ ತೆಗೆಯಿತು ಎಂದು ಒಂದು ಬಣ, ಇಡೀ ಋತು ರೇಸ್ ತಂಡವನ್ನು ಅಲ್ಲಿಯವರೆಗೆ ತಂದದ್ದೇ ಆ ಲೆಕ್ಕ ಎಂದು ಇನ್ನೊಂದು. ಎರಡೂ ಬಣ ಸಿದ್ಧಾಂತಕ್ಕಾಗಿ ಹೊಡೆದಾಡುತ್ತಿವೆ, ಆ್ಯಂಡರ್ಸನ್ ಅವರನ್ನು ಯಾರೂ ನೋಡುತ್ತಿಲ್ಲ. ಅದಕ್ಕೆ ಹಿಂದೆ ತಾವು ಆಡಿದ ಆರು ಪಂದ್ಯಗಳಲ್ಲೂ ಅವರು ರನ್ ಕೊಟ್ಟಿದ್ದರು. ಋತುವಿನುದ್ದಕ್ಕೂ ಅದ್ಭುತವಾಗಿದ್ದ ತೋಳು ಅಕ್ಟೋಬರ್ ಕೊನೆಗೆ ಸೋತುಹೋಗಿತ್ತು. ಅತ್ತ ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳು ಅಂದು ಸ್ನೆಲ್ ಎದುರು ಆರಕ್ಕೆ ಆರು ಸಲ ಸ್ಟ್ರೈಕ್‌ಔಟ್ ಆಗಿದ್ದರು. ಕ್ಯಾಶ್ ನಂಬಿದ ಸೂತ್ರ ಸುಳ್ಳಲ್ಲ. ಆದರೆ ಆ ಸೂತ್ರಕ್ಕೆ ಬೇಕಾದ ತಾಜಾ ತೋಳು ಅವರು ಕರೆದ ಪಿಚರ್‌ಗೆ ಉಳಿದಿರಲಿಲ್ಲ.

ಈ ಎರಡಕ್ಕಿಂತಲೂ ನನಗೆ ಅಕ್ಷಮ್ಯವೆನಿಸುವುದು 2016ರ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ನಡೆದದ್ದು. ಸೋತವರು ಮನೆಗೆ ಹೋಗಬೇಕಾದ ಒಂದೇ ಪಂದ್ಯ ಅದು. ಬಾಲ್ಟಿಮೋರ್ ಓರಿಯೋಲ್ಸ್ ಮ್ಯಾನೇಜರ್ ಬಕ್ ಶೋವಾಲ್ಟರ್ ಕೈಯಲ್ಲಿ ಝ್ಯಾಕ್ ಬ್ರಿಟನ್ ಎಂಬ ಕ್ಲೋಸರ್, ಅಂದರೆ ಕೊನೆಯಲ್ಲಿ ಬಂದು ಮುನ್ನಡೆ ಕಾಯುವ ಪಿಚರ್, ಇದ್ದರು. ಆ ವರ್ಷ 47 ಸೇವ್ ಅವಕಾಶಗಳಲ್ಲಿ 47ನ್ನೂ ಉಳಿಸಿದವರು, ಫೀಲ್ಡಿಂಗ್ ತಪ್ಪಿನಿಂದ ಬಂದ ರನ್ ಬಿಟ್ಟರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 0.54 ರನ್ ಕೊಟ್ಟವರು. ಪಂದ್ಯ 2-2ರಲ್ಲಿ ಸಿಕ್ಕಿಕೊಂಡಿತು. ಎಂಟು, ಒಂಬತ್ತು, ಹತ್ತು ಇನ್ನಿಂಗ್ಸ್ ಕಳೆದವು. ಬ್ರ್ಯಾಡ್ ಬ್ರಾಚ್ ಬಂದರು, ಡ್ಯಾರೆನ್ ಓಡೇ ಬಂದರು, ಬ್ರಯಾನ್ ಡ್ಯುನ್ಸಿಂಗ್ ಬಂದರು. ಹನ್ನೊಂದನೆಯದರಲ್ಲಿ ಉಬಾಲ್ಡೊ ಹಿಮೆನೆಜ್ ಬಂದು ಎದುರಿಸಿದ ಮೂವರಲ್ಲಿ ಒಬ್ಬರನ್ನೂ ಔಟ್ ಮಾಡಲಿಲ್ಲ: ಸಿಂಗಲ್, ಸಿಂಗಲ್, ಟೊರಾಂಟೊದ ಎಡ್ವಿನ್ ಎನ್‌ಕಾರ್ನಾಸಿಯೊನ್ ಹೋಮ್ ರನ್. ಬ್ರಿಟನ್ ಒಂದೇ ಒಂದು ಚೆಂಡು ಎಸೆಯದೆ ಓರಿಯೋಲ್ಸ್ ಋತು ಮುಗಿಯಿತು.

ಇದರ ಬೇರು ಅಂಕಿಅಂಶ ಪಟ್ಟಿಯ ಒಂದು ಅಂಕಣದಲ್ಲಿದೆ. ಷಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಜ್‌ಮನ್ ರೂಪಿಸಿದ ‘ಸೇವ್’ 1969ರಲ್ಲಿ ಅಧಿಕೃತ ದಾಖಲೆಯಾಯಿತು. ಪಂದ್ಯ ಕಾಯುವ ಪಿಚರ್‌ಗೂ ಮನ್ನಣೆ ಸಿಗಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಮುನ್ನಡೆ ಇದ್ದರೆ ಮಾತ್ರ ಸೇವ್ ಲೆಕ್ಕಕ್ಕೆ ಬರುತ್ತದೆ. ಬರಬರುತ್ತಾ ಮ್ಯಾನೇಜರ್‌ಗಳು ಅಂಕಣಕ್ಕೆ ತಕ್ಕಂತೆ ಪಿಚರನ್ನು ಬಳಸತೊಡಗಿದರು: ಎದುರಾಳಿಯ ಊರಿನಲ್ಲಿ ಸ್ಕೋರು ಸಮವಿದ್ದರೆ ಕ್ಲೋಸರನ್ನು ಮುನ್ನಡೆ ಸಿಗುವವರೆಗೆ ಎತ್ತಿಡು. ಮುನ್ನಡೆ ಸಿಕ್ಕ ಮೇಲೆ ಕೊನೆಯ ಮೂರು ಔಟ್ ಪಡೆಯಲು ಗಟ್ಟಿ ಪಿಚರ್ ಬೇಕಲ್ಲ ಎಂಬುದು ಶೋವಾಲ್ಟರ್ ಪರ ನಿಲ್ಲುವವರ ವಾದ. ಮುನ್ನಡೆಯಿದ್ದಾಗ ಒಂದು ರನ್ ಹೋದರೂ ಉಸಿರು ಉಳಿಯಬಹುದು, ಸಮವಿದ್ದಾಗ ಒಂದೇ ರನ್‌ಗೆ ಎಲ್ಲ ಮುಗಿಯುತ್ತದೆ. ಹಾಗಿರುವಾಗ ಆ ವಾದವನ್ನು ನಾನು ಒಪ್ಪಲಾರೆ. ಎನ್‌ಕಾರ್ನಾಸಿಯೊನ್ ಔಟಾಗಿದ್ದರೂ ಈ ತೀರ್ಮಾನ ತಪ್ಪೇ ಆಗಿರುತ್ತಿತ್ತು.

ಆ ಪಂದ್ಯ ಮುಗಿದ ಎರಡೇ ದಿನಗಳಲ್ಲಿ ಕ್ಲೀವ್‌ಲ್ಯಾಂಡ್ ಮ್ಯಾನೇಜರ್ ಟೆರಿ ಫ್ರಾಂಕೋನಾ ತಮ್ಮ ಅತ್ಯುತ್ತಮ ರಿಲೀಫ್ ಪಿಚರ್ ಆ್ಯಂಡ್ರೂ ಮಿಲ್ಲರ್‌ರನ್ನು ಬೋಸ್ಟನ್ ವಿರುದ್ಧ ಐದನೆಯ ಇನ್ನಿಂಗ್ಸ್‌ನಲ್ಲೇ ಇಳಿಸಿದರು. ಪಂದ್ಯದ ಕುತ್ತಿಗೆ ಸಿಕ್ಕಿಕೊಂಡಿರುವುದು ಎಲ್ಲಿ ಎಂದು ನೋಡಿದರೇ ಹೊರತು ಇನ್ನಿಂಗ್ಸ್ ಎಷ್ಟನೆಯದು ಎಂದಲ್ಲ. ಆ ತಿಂಗಳು ಇದೇ ದಾರಿಯಲ್ಲಿ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ತಲುಪಿತು.

ಅಲ್ಲಿ ಎದುರಾದದ್ದು ಷಿಕಾಗೊ ಕಬ್ಸ್, ಮ್ಯಾನೇಜರ್ ಜೋ ಮ್ಯಾಡನ್. ಅಭಿಮಾನಿಗಳ ವಿಮರ್ಶೆ ಇಲ್ಲಿ ಕೈಕೊಟ್ಟಿತು ಎಂದೇ ನನ್ನ ಆಕ್ಷೇಪ. ಐದನೆಯ ಪಂದ್ಯದಲ್ಲಿ 42 ಎಸೆತ ಎಸೆದಿದ್ದ ಅರೋಲ್ಡಿಸ್ ಚಾಪ್‌ಮನ್‌ರನ್ನು ಆರನೆಯದರಲ್ಲಿ ಐದು ರನ್ ಮುನ್ನಡೆ ಇದ್ದಾಗಲೇ ಮ್ಯಾಡನ್ ಇಳಿಸಿದರು, ಇನ್ನೂ 20 ಎಸೆತ. ಮರುರಾತ್ರಿ, ಏಳನೆಯ ಪಂದ್ಯದಲ್ಲಿ ಮತ್ತೆ ಅವರೇ. ಸವೆದ ಆ ತೋಳಿನಿಂದ ಬಂದ ಚೆಂಡನ್ನು ರಾಜೈ ಡೇವಿಸ್ ಹೋಮ್ ರನ್ ಮಾಡಿ ಸ್ಕೋರು 6-6ಕ್ಕೆ ತಂದರು. ಹತ್ತನೆಯ ಇನ್ನಿಂಗ್ಸ್‌ನಲ್ಲಿ ಕಬ್ಸ್ 8-7ಕ್ಕೆ ಗೆದ್ದು 1908ರ ನಂತರದ ಮೊದಲ ಪ್ರಶಸ್ತಿ ಎತ್ತಿತು. ಲಿಟಲ್, ಕ್ಯಾಶ್, ಶೋವಾಲ್ಟರ್ ಮೇಲೆ ವರ್ಷಗಟ್ಟಲೆ ನಡೆದ ವಿಚಾರಣೆ ಮ್ಯಾಡನ್ ಮೇಲೆ ಅಷ್ಟು ಕಟುವಾಗಿ ನಡೆಯಲೇ ಇಲ್ಲ. ಅಂದಿನ ತೀರ್ಮಾನ ಆ ಮೂವರದಕ್ಕಿಂತ ಒಳ್ಳೆಯದಾಗಿರಲಿಲ್ಲ, ಕಬ್ಸ್ ಬ್ಯಾಟರ್‌ಗಳು ಅದನ್ನು ಕಾಪಾಡಿದರು. ದಾಖಲೆಯಲ್ಲಿ ಆ ಪಂದ್ಯದ ಗೆದ್ದ ಪಿಚರ್ ಚಾಪ್‌ಮನ್.