ಬಣ್ಣದ ವೇಷದ ಪ್ರವೇಶ

1964ರ ಪಾಂಟಿಯಾಕ್ ಜಿಟಿಒ, 2018ರ ಟೊಯೋಟಾ ಕ್ಯಾಮ್ರಿ ವಿ6. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹಳೆ ಕಾರಿನ ಭಕ್ತರು ಸಿಡುಕುತ್ತಾರೆ. ಅದು ಅಮೆರಿಕದ ಮಸಲ್ ಕಾರುಗಳ ಮೂಲಪುರುಷ, ಇದು ಮಕ್ಕಳನ್ನು ಶಾಲೆಗೆ ಬಿಡುವ ಸೆಡಾನ್. ಆದರೆ ಜಿಟಿಒದ ಜಾತಕ ಬಿಚ್ಚಿದರೆ ಅದೂ ಸಂಸಾರಸ್ಥರ ಕಾರೇ. ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಸಾಧು ಗಾಡಿಗೆ ದೊಡ್ಡ ಕಾರುಗಳ 6.4 ಲೀಟರ್ ವಿ8 ಎಂಜಿನ್ ಇಳಿಸಿದರು, ಅಷ್ಟೆ. ಆ ಗಾತ್ರದ ಕಾರಿಗೆ 5.4 ಲೀಟರಿಗಿಂತ ದೊಡ್ಡ ಎಂಜಿನ್ ಕೂಡದೆಂದು ಮಾತೃಸಂಸ್ಥೆ ಜನರಲ್ ಮೋಟಾರ್ಸ್‌ನ ಕಟ್ಟಳೆಯಿತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ರಂಗೋಲಿ ಕೆಳಗೆ ನುಸುಳಿದರು. ಹೊಸ ಕಾರೆಂದು ಹೇಳದೆ, ಹಳೆ ಕಾರಿಗೆ ಸುಮಾರು 300 ಡಾಲರಿನ ಹೆಚ್ಚುವರಿ ಸಾಮಾನು ಎಂದು ಮಾರಿದರು. ಹೆಸರನ್ನಂತೂ ಫೆರಾರಿಯಿಂದ ಎತ್ತಿಕೊಂಡರು.

ಎರಡರ ತೂಕವೂ 1,600 ಕಿಲೋ ಆಸುಪಾಸು. ಗಂಟೆಗೆ 60 ಮೈಲಿ ಮುಟ್ಟಲು ಜಿಟಿಒಗೆ ಏಳು ಸೆಕೆಂಡಿನ ಹತ್ತಿರ ಬೇಕು, ಕ್ಯಾಮ್ರಿಗೆ ಆರರ ಹತ್ತಿರ, ಅದೂ 3.5 ಲೀಟರ್ ಎಂಜಿನ್ನಿನಲ್ಲಿ. ಕಾಗದದ ಮೇಲೆ ಮಾತ್ರ ಜಿಟಿಒದ್ದು 325 ಅಶ್ವಶಕ್ತಿ, ಕ್ಯಾಮ್ರಿಯದು 301. ಹಳೆಯ ಲೆಕ್ಕ ಎಂಜಿನ್ನನ್ನು ಬೆಂಚಿನ ಮೇಲಿಟ್ಟು, ಸೈಲೆನ್ಸರ್ ಇತ್ಯಾದಿ ಹೊರೆಯಿಲ್ಲದೆ ಅಳೆದದ್ದು. ಮದುಮಗನ ಸಂಬಳವನ್ನು ಸಾಲದ ಕಂತು ಕಳೆಯದೆ ಹೇಳಿದಂತೆ. 1972ರ ಹೊತ್ತಿಗೆ ಅಮೆರಿಕದ ಕಂಪನಿಗಳು ಆ ರೂಢಿ ಬಿಟ್ಟವು. ಇನ್ನು, 'ಕಾರ್ ಅಂಡ್ ಡ್ರೈವರ್' ಪತ್ರಿಕೆ 1964ರ ಮಾರ್ಚಿನಲ್ಲಿ ಅಚ್ಚು ಹಾಕಿದ ಜಿಟಿಒದ 4.6 ಸೆಕೆಂಡಿನ ಪವಾಡವಿದೆಯಲ್ಲ, ಆ ಕಾರಿನೊಳಗೆ ಇದ್ದದ್ದು 6.9 ಲೀಟರಿನ ಬೇರೆಯದೇ ಎಂಜಿನ್! ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ ಬಹಳ ವರ್ಷಗಳ ಮೇಲೆ ಒಪ್ಪಿಕೊಂಡರು.

ಸುಳ್ಳನ್ನಾದರೂ ಕ್ಷಮಿಸಬಹುದು, ಬ್ರೇಕನ್ನಲ್ಲ. ಜಿಟಿಒದ ನಾಲ್ಕೂ ಚಕ್ರಕ್ಕೆ ಒಂಬತ್ತೂವರೆ ಇಂಚಿನ ಡ್ರಮ್. ಮುಂದಿನ ಚಕ್ರಕ್ಕೆ ಡಿಸ್ಕ್ ಬೇಕೆಂದವರು 1967ರವರೆಗೆ ಕಾಯಬೇಕಾಯಿತು. ಎರಡು ಮೂರು ಸಲ ಜೋರಾಗಿ ಒತ್ತಿದರೆ ಡ್ರಮ್ ಕಾದು ಹಿಡಿತ ಸಡಿಲ. ಬ್ರೇಕ್ ಆಯಿಲಿಗೆ ಒಂದೇ ದಾರಿ, ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಈ ಕಾರನ್ನು ಒಂದು ಕೃತಿಯೆಂದು ಓದಿದರೆ ಮೊದಲ ಅಧ್ಯಾಯ ಬರೆದ ಕೈ ಕೊನೆಯದನ್ನು ಬರೆದೇ ಇಲ್ಲ. ಯಕ್ಷಗಾನದ ಬಣ್ಣದ ವೇಷ ತೆರೆ ಸರಿಸಿ ಆರ್ಭಟಿಸುತ್ತ ಬರುವಾಗ ರಂಗಸ್ಥಳ ನಡುಗುತ್ತದೆ, ಅರ್ಥ ಹೇಳುವ ಸರದಿ ಬಂದಾಗ ಬಾಯಿ ಒಣಗುತ್ತದೆ.

ಆದರೂ ಆ ಪ್ರವೇಶವಿದೆಯಲ್ಲ! ಕಾರ್ಬುರೇಟರಿನ ನಾಲ್ಕೂ ಬಾಯಿ ತೆರೆದಾಗ ಬರುವ ಗುಡುಗಿಗೆ ಕ್ಯಾಮ್ರಿಯಲ್ಲಿ ಉತ್ತರವಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಕಣ್ಣಿಗೆ ಕಾಣುತ್ತದೆ, ಪಾನಾ ಹಿಡಿದವನ ಮಾತು ಕೇಳುತ್ತದೆ. ಕ್ಯಾಮ್ರಿಯ ಬಾನೆಟ್ಟಿನಡಿ ಪ್ಲಾಸ್ಟಿಕ್ ಮುಚ್ಚಳ, ಎಂಟು ಗೇರು ಬದಲಾದದ್ದು ಓಡಿಸುವವನಿಗೂ ಗೊತ್ತಾಗದಷ್ಟು ನಯ. ಇಷ್ಟು ಬಲವಿದ್ದೂ ಇಲ್ಲದಂತೆ ನಟಿಸುವುದನ್ನು ವಿನಯವೆನ್ನಲು ನನಗೆ ಮನಸ್ಸಿಲ್ಲ, ಅದು ಸಪ್ಪೆತನ. ಮಳೆಯಲ್ಲಿ ಮನೆಗೆ ಮರಳಲು ಮಾತ್ರ ನಾನು ಹತ್ತುವುದು ಆ ಸಪ್ಪೆಯನ್ನೇ.

2025ರ ಮಾದರಿಯಿಂದ ಅಮೆರಿಕದ ಕ್ಯಾಮ್ರಿಯಲ್ಲೂ ವಿ6 ಇಲ್ಲ, ಎಲ್ಲ ನಾಲ್ಕು ಸಿಲಿಂಡರಿನ ಹೈಬ್ರಿಡ್. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದಲೇ ಆ ಬಗೆಯದನ್ನೂ ಜೋಡಿಸಿದ್ದಾರೆ. ಸಿಗ್ನಲ್ ಹಸಿರಾದರೆ ಅದು ಹೊರಟದ್ದು ಪಕ್ಕದ ಆಟೋದವನಿಗೂ ಕೇಳಿಸುವುದಿಲ್ಲ.