ಇಂಕ್‌ಸ್ಕೇಪಿನ ಗೆರೆ

2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದು ಬೆಳೆದ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನಾ ತಂತ್ರಾಂಶ ನನಗೆ ಬಲು ಮೆಚ್ಚು. ಲೋಗೋ, ಲಗ್ನಪತ್ರಿಕೆ, ಪುಸ್ತಕದ ಮುಖಪುಟ ಯಾವುದನ್ನೇ ಬಿಡಿಸಿ, ಎಷ್ಟು ಹಿಗ್ಗಿಸಿದರೂ ಗೆರೆಯ ಅಂಚು ಒಡೆಯುವುದಿಲ್ಲ. ಏಕೆಂದರೆ ಆ ಗೆರೆ ಗಣಿತದಲ್ಲಿ ಬರೆದಿಟ್ಟ ವಕ್ರರೇಖೆ. ಯೂನಿಕೋಡ್ ಕನ್ನಡ ಟೈಪಿಸಿದರೆ ಒತ್ತಕ್ಷರಗಳು ತಮ್ಮ ಜಾಗದಲ್ಲೇ ಕೂರುತ್ತವೆ. ಆಮೇಲಿನದೇ ನಿಜವಾದ ಸುಖ: ಅಕ್ಷರವನ್ನು ಪಾತ್ (ಗೆರೆಯ ರೂಪ) ಆಗಿಸಿ, ನೋಡ್ (ಗೆರೆಯ ಮೇಲಿನ ಬಿಂದು) ಹಿಡಿದು ಎಳೆದರೆ ‘ಕ’ದ ತಲೆಕಟ್ಟು ಬಳ್ಳಿಯ ಕುಡಿಯಂತೆ ಬೇಕಾದತ್ತ ಬಾಗುತ್ತದೆ. ಕಡತ ಬರಹರೂಪದ ಎಸ್‌ವಿಜಿ, ನೋಟ್‌ಪ್ಯಾಡಿನಲ್ಲಿ ತೆರೆದರೂ ಬಣ್ಣ, ಅಳತೆಗಳನ್ನು ಓದಬಹುದು, ತಿದ್ದಬಹುದು. ಅಚ್ಚಿಗೆ ಬೇಕಾದ ಸಿಎಂವೈಕೆ ಬಣ್ಣಕ್ಕೆ ಮಾತ್ರ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್‌ನ ನೆರವು ಬೇಕಾದೀತು, ಅದೂ ಉಚಿತವೇ. ಬೇರೆ ತಂತ್ರಾಂಶಗಳಿಗೆ ತಿಂಗಳ ಚಂದಾ ಕಟ್ಟಲಾಗದ ವಿದ್ಯಾರ್ಥಿಗೂ ಇಂಕ್‌ಸ್ಕೇಪ್ ಪೂರ್ತಿಯಾಗಿ ಸಿಗುತ್ತದೆ, ಯಾವ ಉಪಕರಣಕ್ಕೂ ಬೀಗವಿಲ್ಲದೆ.